ವಿದೇಶದಲ್ಲಿ ವೀಗನ್ ಊಟ: ಥಾಯ್ಲೆಂಡಾ, ವಿಯೆಟ್ನಾಮಾ, ತೈವಾನಾ, ಜಪಾನಾ?

ಟಿಕೆಟ್ ಆಯ್ತು, ವೀಸಾ ಬಂತು, ಅಲ್ಲಿ ಊಟಕ್ಕೇನು ಮಾಡೋದು? ವೀಗನ್ ಆದವರ, ಅಂದರೆ ಮಾಂಸ, ಮೀನು, ಮೊಟ್ಟೆಯ ಜೊತೆ ಹಾಲು, ತುಪ್ಪ, ಮೊಸರನ್ನೂ ಬಿಟ್ಟವರ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ. ಅಷ್ಟರಲ್ಲಿ ಅಮ್ಮ ಅವಲಕ್ಕಿ ಡಬ್ಬಿ ತುಂಬಿಸಿಟ್ಟಿರುತ್ತಾರೆ. ಪಕ್ಕದ ಮನೆಯವರು "ಅಲ್ಲಿ ಹಾವು, ಕಪ್ಪೆ ಎಲ್ಲಾ ತಿಂತಾರಂತೆ, ನಿಮಗೆ ಅನ್ನ ಕೂಡ ಸಿಗಲ್ಲ" ಅಂತ ಹೆದರಿಸಿ ಹೋಗಿರುತ್ತಾರೆ.

ವೀಗನ್ ಪ್ರವಾಸಕ್ಕೆ ದೇಶ ಆರಿಸುವಾಗ ಹೆಚ್ಚಿನವರು ಅಲ್ಲಿ ಎಷ್ಟು ವೀಗನ್ ಹೋಟೆಲ್ ಇವೆ ಅಂತ ನೋಡುತ್ತಾರೆ. ನಾನು ನೋಡುವುದು ಬೇರೆ. ಆ ಊರಿನ ಜನ ತಮ್ಮ ಪಾಡಿಗೆ ತಾವು, ವ್ರತಕ್ಕೋ ಹಬ್ಬಕ್ಕೋ ದೇವರ ಹರಕೆಗೋ, ಮಾಂಸ ಮೀನು ಮೊಟ್ಟೆ ಹಾಲು ಬಿಡುವ ದಿನಗಳು ಇವೆಯಾ? ಇದ್ದರೆ ಆ ಊಟ ಬೀದಿಯಲ್ಲೇ ಸಿಗುತ್ತದೆ, ಅಗ್ಗಕ್ಕೆ ಸಿಗುತ್ತದೆ, ಮಾಡುವ ಕೈಗೂ ಅದು ಪಳಗಿರುತ್ತದೆ. ಪ್ರವಾಸಿಗರಿಗೆಂದೇ ತೆರೆದ ವೀಗನ್ ಕೆಫೆಯಲ್ಲಿ ಆವಕಾಡೊ ಟೋಸ್ಟ್ ಸಿಗುತ್ತದೆ ನಿಜ. ಅದನ್ನು ತಿನ್ನಲು ಅಷ್ಟು ದೂರ ಯಾಕೆ ಹೋಗಬೇಕು, ಅಲ್ವಾ?

ಇನ್ನೊಂದು ವಿಷಯ ಹೊರಡುವ ಮೊದಲೇ ತಲೆಯಲ್ಲಿರಲಿ. ನಮ್ಮೂರಲ್ಲಿ ವೀಗನ್ ಆದವರಿಗೆ ಕಾಟ ಕೊಡುವುದು ಹಾಲು. ದೋಸೆಗೆ ಬೆಣ್ಣೆ, ಉಪ್ಪಿಟ್ಟಿಗೆ ತುಪ್ಪ, ಸ್ವೀಟಿಗೆ ಖೋವಾ. ಮಾಂಸ ತಪ್ಪಿಸುವುದು ಇಲ್ಲಿ ಕಷ್ಟವೇ ಅಲ್ಲ. ಪೂರ್ವ ಮತ್ತು ಆಗ್ನೇಯ ಏಷ್ಯಾದಲ್ಲಿ ಇದೆಲ್ಲ ತಿರುವುಮುರುವು. ಅಲ್ಲಿನ ಹಳೇ ಅಡುಗೆಯಲ್ಲಿ ಹಾಲಿಗೆ ಜಾಗವೇ ಇಲ್ಲ. ಪಲ್ಯ, ಸಾರು, ಅನ್ನ, ನೂಡಲ್ಸ್ ಯಾವುದಕ್ಕೂ ಬೆಣ್ಣೆ ಬೀಳುವುದಿಲ್ಲ. ಆದರೆ ಮೀನು ಎಲ್ಲ ಕಡೆ ನುಗ್ಗಿರುತ್ತದೆ, ಅದೂ ಕಣ್ಣಿಗೆ ಕಾಣದ ಹಾಗೆ. ಹಾಗಾಗಿ "ನೋ ಮಿಲ್ಕ್, ನೋ ಮಿಲ್ಕ್" ಅಂತ ಹೇಳಿಕೊಂಡು ಓಡಾಡಿದರೆ ಪ್ರಯೋಜನವಿಲ್ಲ. ಅಲ್ಲಿ ಕೇಳಬೇಕಾದದ್ದು ಮೀನಿನ ಸಾಸ್ ಬಗ್ಗೆ, ಸಿಗಡಿ ಪೇಸ್ಟ್ ಬಗ್ಗೆ.

ಥಾಯ್ಲೆಂಡ್: ಹಳದಿ ಬಾವುಟ ಹುಡುಕಿ

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಸುಮಾರು ನಾಲ್ಕು ಗಂಟೆಯ ವಿಮಾನ. ಮೊದಲ ಸಲ ಹೊರಗೆ ಹೋಗುವ ನಮ್ಮವರಲ್ಲಿ ತುಂಬಾ ಜನ ಅಲ್ಲಿಗೇ ಹೋಗುವುದರಿಂದ ಇಲ್ಲಿಂದಲೇ ಶುರು ಮಾಡೋಣ.

ಅಲ್ಲಿ ನಿಮಗೆ ಬೇಕಾದ ಮಾತು "ಜೇ". ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ. ಥಾಯ್ ಲಿಪಿ ಬಾರದ ಕಣ್ಣಿಗೆ ಅದು ಇಂಗ್ಲಿಷ್ ಅಂಕಿ 17ರ ಹಾಗೆ ಕಾಣುತ್ತದೆ. ತಳ್ಳುಗಾಡಿ, ಫುಡ್ ಕೋರ್ಟ್, ಸೆವೆನ್ ಇಲೆವೆನ್ ಅಂಗಡಿಯ ಪೊಟ್ಟಣ, ಎಲ್ಲಿ ಈ ಗುರುತು ಕಂಡರೂ ಒಳಗೆ ಮಾಂಸ, ಮೀನು, ಮೊಟ್ಟೆ, ಹಾಲು ಇರಬಾರದು ಎಂಬುದು ಅಲ್ಲಿನವರ ಕಟ್ಟಳೆ. ಬೆಳ್ಳುಳ್ಳಿ, ಈರುಳ್ಳಿಯೂ ಇರುವುದಿಲ್ಲ. ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ, ಜೈನರಿಗೆ ಇದು ಸುಮ್ನೆ ಸಿಕ್ಕ ಲಾಭ. ಬೆಳ್ಳುಳ್ಳಿ ಇಲ್ಲದೆ ಊಟ ಸೇರದವರಿಗೆ ಮಾತ್ರ ಎರಡು ದಿನಕ್ಕೆ ಸ್ವಲ್ಪ ಸಪ್ಪೆ ಅನ್ನಿಸಬಹುದು.

"ಮಂಗ್ಸಾವಿರಾತ್" ಅಂತ ಇನ್ನೊಂದು ಮಾತಿದೆ. ಅದು ಬರೀ ಸಸ್ಯಾಹಾರ. ಅದರಲ್ಲಿ ಮೊಟ್ಟೆ, ಹಾಲು ನಡೆಯುತ್ತದೆ. ವೀಗನ್ ಆದವರು ಹೇಳಬೇಕಾದದ್ದು "ಕಿನ್ ಜೇ", ಅಂದರೆ ನಾನು ಜೇ ತಿನ್ನುವವನು ಅಂತ. ಇಷ್ಟು ಹೇಳಿದರೆ ಗಾಡಿಯ ಅಜ್ಜಿಗೂ ಅರ್ಥವಾಗುತ್ತದೆ. "ವೀಗನ್" ಅಂದರೆ ಚಿಯಾಂಗ್ ಮಾಯ್‌ನ ಕೆಫೆಗಳಲ್ಲಿ ತಿಳಿಯುತ್ತದೆ, ಸಣ್ಣ ಊರಿನ ಸಂತೆಯಲ್ಲಿ ತಿಳಿಯುವುದಿಲ್ಲ.

ಜೇ ಗುರುತಿಲ್ಲದ ಗಾಡಿಯಲ್ಲಿ ಹೇಗೆ? ಪಪ್ಪಾಯಿ ಕಾಯಿಯ ಸೊಮ್ ತಾಮ್ ಗಾಡಿಯ ಮುಂದೆ ಐದು ನಿಮಿಷ ನಿಂತು ನೋಡಿ, ಪೂರ್ತಿ ವಿಷಯ ಗೊತ್ತಾಗುತ್ತದೆ. ಎತ್ತರದ ಮಣ್ಣಿನ ಒರಳು, ಮರದ ಒನಕೆ. ಆಕೆ ಮೊದಲು ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ ಕುಟ್ಟುತ್ತಾಳೆ. ಆಮೇಲೆ ತಾಳೆಬೆಲ್ಲ, ನಿಂಬೆರಸ, ಮುರಿದ ಅಲಸಂದೆಕಾಯಿ, ಟೊಮೆಟೊ, ಕಡ್ಲೆಬೀಜ. ಇಲ್ಲಿಯವರೆಗೆ ಎಲ್ಲ ನಮ್ಮದೇ. ಈಗ ಎಡಗೈ ಪಕ್ಕದ ಡಬ್ಬಿಗೆ ಹೋಗುತ್ತದೆ, ಒಂದು ಚಿಟಿಕೆ ಒಣ ಸಿಗಡಿ ಬಿತ್ತು. ಬಲಗೈ ಬಾಟಲಿಗೆ ಹೋಗುತ್ತದೆ, "ನಾಮ್ ಪ್ಲಾ" ಅನ್ನುವ ಮೀನಿನ ಸಾಸ್ ಬಿತ್ತು. ಕೆಲವರು ಕೊಳೆಹಾಕಿದ ಮೀನಿನ ರಸವನ್ನೂ ಒಂದು ಸೌಟು ಸುರಿಯುತ್ತಾರೆ. ನೀವು "ಮೈ ಸೈ ನಾಮ್ ಪ್ಲಾ" ಅಂದರೆ ಮೀನಿನ ಸಾಸ್ ಹಾಕಬೇಡಿ ಅಂತ. ಒಣ ಸಿಗಡಿ ಡಬ್ಬಿಯ ಕಡೆ ಬೆರಳು ತೋರಿಸಿ ಕೈ ಆಡಿಸಿದರೆ ಅದನ್ನೂ ಬಿಡುತ್ತಾಳೆ. ಬದಲಿಗೆ ಉಪ್ಪೋ ಸೋಯಾ ಸಾಸೋ ಹಾಕಿಕೊಡುತ್ತಾಳೆ. ಆದರೆ ಒರಳು ಅದೇ. ಅದರಲ್ಲಿ ಹಿಂದಿನ ಗಿರಾಕಿಯ ಏಡಿ ಕುಟ್ಟಿದ್ದಿರಬಹುದು. ಇದು ನಡೆಯುತ್ತದಾ ಇಲ್ಲವಾ ಎಂಬುದು ನಿಮ್ಮ ನಿಮ್ಮ ಮನಸ್ಸಿಗೆ ಬಿಟ್ಟದ್ದು. ನಡೆಯದು ಅನ್ನುವವರು ಬಾವುಟ ಇರುವಲ್ಲೇ ತಿನ್ನಿ.

ಹಸಿರು, ಕೆಂಪು ಕರಿಗಳ ವಿಷಯ ಇನ್ನೂ ಬಿಗಿ. ತೆಂಗಿನ ಹಾಲು, ತೋಫು, ತರಕಾರಿ ಮಾತ್ರ ಕಾಣುತ್ತದೆ ಅಂತ ನಂಬಬೇಡಿ. ಕರಿ ಪೇಸ್ಟ್ ಅರೆಯುವಾಗಲೇ "ಕಪಿ" ಅನ್ನುವ ಸಿಗಡಿ ಪೇಸ್ಟ್ ಸೇರಿರುತ್ತದೆ. ಬಡಿಸುವ ಹೊತ್ತಿಗೆ "ಹಾಕಬೇಡಿ" ಅಂದರೆ ಆಗುವ ಕೆಲಸ ಅಲ್ಲ. ಜೇ ಅಂಗಡಿ ಬಿಟ್ಟು ಬೇರೆ ಕಡೆ ನಾನು ಕರಿ ಕೇಳುವುದಿಲ್ಲ, ಬಾಣಲೆಯಲ್ಲಿ ಆಗಿಂದಾಗ್ಗೆ ಹುರಿದುಕೊಡುವ ತರಕಾರಿ ಕೇಳುತ್ತೇನೆ. ಕೊನೆಗೆ ಮಾವಿನಹಣ್ಣು, ಅಂಟು ಅನ್ನ, ಮೇಲೆ ತೆಂಗಿನ ಹಾಲು. ಸಾಮಾನ್ಯವಾಗಿ ಅದರಲ್ಲಿ ಹಸುವಿನ ಹಾಲು ಇರುವುದಿಲ್ಲ.

ಇನ್ನು ಯಾವಾಗ ಹೋಗಬೇಕು? ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಥಾಯ್ಲೆಂಡ್‌ನಲ್ಲಿ ಜೇ ಹಬ್ಬ. ಫುಕೆಟ್‌ನಲ್ಲಿ ಎಲ್ಲಕ್ಕಿಂತ ಜೋರು, ಬ್ಯಾಂಕಾಕ್‌ನ ಚೈನಾಟೌನ್ ಯಾವರಾತ್‌ನಲ್ಲೂ ಬೀದಿ ಪೂರ್ತಿ ಹಳದಿ. ಹೆಚ್ಚಿನ ವರ್ಷ ಇದು ನಮ್ಮ ನವರಾತ್ರಿಯ ದಿನಗಳಿಗೇ ಬೀಳುತ್ತದೆ. 2023ರಲ್ಲಿ ಎರಡೂ ಅಕ್ಟೋಬರ್ 15ಕ್ಕೆ ಶುರುವಾದವು. ಚೀನೀ ಪಂಚಾಂಗದಲ್ಲಿ ಅಧಿಕ ಮಾಸ ಬಂದ ವರ್ಷ ಮಾತ್ರ ಲೆಕ್ಕ ತಪ್ಪಬಹುದು. 2025ರಲ್ಲಿ ನಮ್ಮ ನವರಾತ್ರಿ ಸೆಪ್ಟೆಂಬರ್‌ನಲ್ಲೇ ಶುರುವಾಯಿತು, ಅಲ್ಲಿನ ಹಬ್ಬ ಅಕ್ಟೋಬರ್ ಕೊನೆಯ ಭಾಗಕ್ಕೆ ಹೋಯಿತು. ದಸರಾ ರಜೆಗೆ ಹೊರಡುವವರು ಒಮ್ಮೆ ದಿನಾಂಕ ನೋಡಿಕೊಳ್ಳಿ, ಕೂಡಿಬಂದರೆ ಒಂಬತ್ತು ದಿನ ಊಟದ ಯೋಚನೆಯೇ ಇಲ್ಲ. ಒಂದು ಎಚ್ಚರಿಕೆ: ಫುಕೆಟ್‌ನ ಮೆರವಣಿಗೆಯಲ್ಲಿ ಹರಕೆ ಹೊತ್ತವರು ಕೆನ್ನೆಗೆ ಸರಳು ಚುಚ್ಚಿಕೊಂಡು ಬರುತ್ತಾರೆ. ಪುಟ್ಟ ಮಕ್ಕಳಿದ್ದರೆ ಊಟದ ಗಾಡಿಗಳ ಕಡೆ ಮಾತ್ರ ಹೋಗಿ.

ವಿಯೆಟ್ನಾಂ: ಓದಲು ಬರುವ ಬೋರ್ಡು

ಥಾಯ್ಲೆಂಡಾ ವಿಯೆಟ್ನಾಮಾ ಅಂತ ತೂಗುವವರಿಗೆ ನಾನು ಮೊದಲು ಹೇಳುವುದು ಲಿಪಿಯ ಮಾತು. ವಿಯೆಟ್ನಾಮಿನವರು ಇಂಗ್ಲಿಷ್ ಅಕ್ಷರಗಳಲ್ಲೇ, ಮೇಲೆ ಕೆಳಗೆ ಗುರುತು ಸೇರಿಸಿ, ಬರೆಯುತ್ತಾರೆ. ಬೋರ್ಡಿನ ಮೇಲೆ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರ ಕಂಡರೆ ಸಾಕು, ಒಳಗೆ ಹೋಗಿ. ಹೇಳುವುದು "ಚಾಯ್", ನಮ್ಮ ಟೀ ಅಂಗಡಿಯ ಚಾಯ್ ಹಾಗೇ ಕೇಳುತ್ತದೆ. ಅನ್ನದ ಊಟ ಕೊಮ್ ಚಾಯ್, ನೂಡಲ್ಸ್ ಸಾರು ಫೊ ಚಾಯ್, ಬ್ರೆಡ್ಡು ಬಾನ್ ಮಿ ಚಾಯ್. "ತೋಯ್ ಆನ್ ಚಾಯ್" ಅಂದರೆ ನಾನು ಚಾಯ್ ಊಟ ಮಾಡುವವನು ಅಂತ.

ಥಾಯ್ಲೆಂಡ್‌ನಲ್ಲಿ ಬಾವುಟದ ದೊಡ್ಡ ಭರಾಟೆ ವರ್ಷಕ್ಕೊಮ್ಮೆ. ವಿಯೆಟ್ನಾಮಿನಲ್ಲಿ ತಿಂಗಳಿಗೆ ಎರಡು ಸಲ. ಚಾಂದ್ರಮಾನದ ಮೊದಲ ದಿನ ಮತ್ತು ಹದಿನೈದನೇ ದಿನ ಬೌದ್ಧರು ಚಾಯ್ ಊಟ ಮಾಡುತ್ತಾರೆ. ಮಾಮೂಲಿ ಮಾಂಸದ ಹೋಟೆಲಿನವರೂ ಆ ದಿನ ಒಂದೆರಡು ಚಾಯ್ ಪದಾರ್ಥ ಇಡುತ್ತಾರೆ, ಎಷ್ಟೋ ಕಡೆ ಹೊಸದಾಗಿ ಗಾಡಿಗಳೇ ಎದ್ದುಬಿಡುತ್ತವೆ. ಯಾವ ದಿನ ಅಂತ ತಿಳಿಯಲು ನಿಮಗೆ ಆ್ಯಪ್ ಬೇಡ. ಅಡುಗೆಮನೆಯ ಗೋಡೆಗೆ ತೂಗಿದ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ನೋಡಿಕೊಂಡು ಹೊರಡಿ. ಒಂದು ದಿನ ಆಚೆ ಈಚೆ ಆಗಬಹುದು, ಅಷ್ಟೇ. ನಾನಾದರೆ ಹುಯೆ ಊರಿನ ದಿನಗಳನ್ನು ಹುಣ್ಣಿಮೆಗೆ ಕೂಡಿಸಿಕೊಳ್ಳುತ್ತೇನೆ. ಹಳೇ ರಾಜಧಾನಿ, ತುಂಬಾ ಬೌದ್ಧ ಮಠಗಳ ಊರು, ಚಾಯ್ ಅಡುಗೆಗೆ ದೇಶದಲ್ಲೇ ಹೆಸರು.

ರುಚಿಯಲ್ಲೂ ನನ್ನ ಓಟು ವಿಯೆಟ್ನಾಮಿಗೆ. ಥಾಯ್ ಜೇ ಊಟದಲ್ಲಿ ಸೋಯಾ ಮತ್ತು ಗೋಧಿಯ ನಕಲಿ ಮಾಂಸ ಜಾಸ್ತಿ. ವಿಯೆಟ್ನಾಮಿನಲ್ಲೂ ಅದಿದೆ, ಆದರೆ ಪಕ್ಕದಲ್ಲೇ ಹಸಿ ಸೊಪ್ಪಿನ ರಾಶಿ ಬರುತ್ತದೆ. ಪುದೀನ, ಕೊತ್ತಂಬರಿ, ತುಳಸಿ ಜಾತಿಯ ಎಲೆಗಳು, ಬಾಳೆಹೂವಿನ ಎಳೆಗಳು. ಬಾಳೆಹೂವಿನ ಪಲ್ಯ ತಿಂದು ಬೆಳೆದ ಕರಾವಳಿ, ಮಲೆನಾಡಿನವರಿಗೆ ಅದನ್ನು ಹಸಿಯಾಗಿ ಸಾರಿಗೆ ಹಾಕಿಕೊಂಡು ತಿನ್ನುವುದು ಹೊಸ ರುಚಿ.

ಹಾಗಂತ ಕಣ್ಣು ಮುಚ್ಚಿ ತಿನ್ನುವಂತಿಲ್ಲ. ಚಾಯ್ ಅಂದರೆ ಮಾಂಸ ಮೀನು ಇಲ್ಲ ಎಂಬುದು ಗಟ್ಟಿ, ಮೊಟ್ಟೆ ಹಾಲಿನ ವಿಷಯ ಅಷ್ಟು ಗಟ್ಟಿಯಲ್ಲ. ಹೊಸ ಕಾಲದ ಚಾಯ್ ಕೆಫೆಗಳಲ್ಲಿ ಎರಡೂ ನುಸುಳುತ್ತವೆ. ಪೂರ್ತಿ ಸಸ್ಯದ್ದೇ ಬೇಕಾದರೆ "ಥುವನ್ ಚಾಯ್" ಅಂತ ಕೇಳಿ. ಬಾನ್ ಮಿ ಬ್ರೆಡ್ಡಿಗೆ ಸವರುವ ಹಳದಿ ಬಣ್ಣದ್ದು ಮೊಟ್ಟೆಯ ಮೇಯನೇಸ್ ಇರಬಹುದು. ಇನ್ನು ಕಾಫಿ. ಫಿಲ್ಟರ್ ಕಾಫಿಯ ನಾಡಿನವರು ನಾವು, ಅಲ್ಲಿನ ಕಾಫಿಯ ಪರಿಮಳಕ್ಕೆ ಕಾಲು ತಾನಾಗಿ ನಿಲ್ಲುತ್ತದೆ. ಸುಮ್ಮನೆ ಕಾಫಿ ಅಂದರೆ ಲೋಟದ ತಳದಲ್ಲಿ ಗಟ್ಟಿ ಸಿಹಿ ಹಾಲು ಕೂತು ಬರುವ ಸಂಭವವಿದೆ. "ಕಾ ಫೆ ದೆನ್" ಅಂದರೆ ಕಪ್ಪು ಕಾಫಿ. ತೆಂಗಿನ ಕಾಫಿ ಅಂತ ಹೆಸರಿದ್ದರೂ ಒಳಗೆ ಸಿಹಿ ಹಾಲು ಸೇರಿಸುವವರಿದ್ದಾರೆ, ಕೇಳಿಯೇ ಕುಡಿಯಿರಿ.

ಚಾಯ್ ಬೋರ್ಡು ಇಲ್ಲದ ಕಡೆ ಮೀನಿನ ಸಾಸ್ "ನುವೊಕ್ ಮಾಮ್" ಎಲ್ಲದರಲ್ಲೂ ಇದೆ ಅಂತಲೇ ಇಟ್ಟುಕೊಳ್ಳಿ. ಬರೀ ಸೊಪ್ಪಿನ ಹುರುಕಲು ಕೇಳಿದರೂ ಬಾಟಲಿ ಬಗ್ಗಿಬಿಡುತ್ತದೆ.

ತೈವಾನ್: ಕಾನೂನೇ ಕೈಹಿಡಿಯುವ ದೇಶ

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು, ಊಟದ ವಿಷಯದಲ್ಲಿ ರಗಳೆಯೇ ಬೇಡ ಅನ್ನುವವರಿಗೆ ನಾನು ತೈವಾನ್ ಹೇಳುತ್ತೇನೆ. ನಮ್ಮವರು ಅಲ್ಲಿಗೆ ಹೋಗುವುದು ಕಡಿಮೆ, ಖರ್ಚೂ ಥಾಯ್ಲೆಂಡ್‌ಗಿಂತ ಜಾಸ್ತಿ. ಆದರೆ ನಾನು ಇಲ್ಲಿ ಹೋಲಿಸುತ್ತಿರುವ ನಾಲ್ಕರಲ್ಲಿ ಊಟ ಸುಲಭ ಇರುವುದು ಅಲ್ಲೇ.

ಬೌದ್ಧರು, ಯಿಗುವಾನ್ ದಾವ್ ಪಂಥದವರು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಸಸ್ಯಾಹಾರಿಗಳು. ಹಾಗಾಗಿ "ಸು" ಎಂದು ಬರೆದ ಹೋಟೆಲು ಪೇಟೆಯಲ್ಲಿ ಹೆಜ್ಜೆ ಹೆಜ್ಜೆಗೂ ಸಿಗುತ್ತದೆ. ಅಕ್ಷರ ಓದಲು ಬಾರದಿದ್ದರೆ ಎಡಕ್ಕೆ ತಿರುಗಿದ ಸ್ವಸ್ತಿಕ ಹುಡುಕಿ, ಎಷ್ಟೋ ಸಸ್ಯಾಹಾರಿ ಹೋಟೆಲುಗಳು ಅದನ್ನು ಬೋರ್ಡಿಗೆ ಹಾಕಿರುತ್ತವೆ. ಬುಫೆ ಥರದ ಹೋಟೆಲಿನಲ್ಲಿ ಪೇಪರ್ ಡಬ್ಬಿ ಹಿಡಿದು ಬೇಕಾದ್ದು ಹಾಕಿಕೊಂಡು ಹೋದರೆ ತೂಕ ಮಾಡಿ ದುಡ್ಡು ಹೇಳುತ್ತಾರೆ. ಬದನೆಕಾಯಿ, ಹಾಗಲಕಾಯಿ, ಬಿದಿರು ಕಳಲೆ, ಬಗೆಬಗೆಯ ತೋಫು, ಅಣಬೆ. ಭಾಷೆಯೇ ಬೇಕಿಲ್ಲ, ನೋಡಿ ತೋರಿಸಿದರಾಯಿತು.

ಪೊಟ್ಟಣದ ತಿಂಡಿಯಲ್ಲಂತೂ ತೈವಾನ್ ನಮಗಿಂತ ಮುಂದೆ. ಸಸ್ಯಾಹಾರ ಅಂತ ಮಾರುವ ಪ್ಯಾಕೆಟ್ ಐದು ಬಗೆಯಲ್ಲಿ ಯಾವುದು ಅಂತ ಬರೆಯಲೇಬೇಕು: ಪೂರ್ತಿ ಸಸ್ಯದ್ದು, ಮೊಟ್ಟೆ ಇರುವುದು, ಹಾಲು ಇರುವುದು, ಎರಡೂ ಇರುವುದು, ಈರುಳ್ಳಿ ಬೆಳ್ಳುಳ್ಳಿ ಜಾತಿಯದ್ದು ಸೇರಿದ ಸಸ್ಯದ್ದು. ನಮ್ಮ ಹಸಿರು ಚುಕ್ಕೆ ಹಾಲಿಗೂ ಅದೇ, ಬೇಳೆಗೂ ಅದೇ. ಅಲ್ಲಿ ಹಾಗಲ್ಲ. ಮೊದಲನೆಯದನ್ನು "ಛ್ವಾನ್ ಸು" ಅನ್ನುತ್ತಾರೆ. ಆ ಎರಡು ಅಕ್ಷರದ ಫೋಟೊ ಫೋನಿನಲ್ಲಿ ಇಟ್ಟುಕೊಂಡರೆ ಅಂಗಡಿಯಲ್ಲಿ ಹೋಲಿಸಿ ನೋಡಲು ಅನುಕೂಲ. ಐದನೆಯದೂ ವೀಗನ್ ಆದವರಿಗೆ ನಡೆಯುತ್ತದೆ.

ಬೇಡದ್ದು ಎಲ್ಲಿರುತ್ತದೆ ಅಂದರೆ ನಕಲಿ ಮಾಂಸದಲ್ಲಿ. ಅಂಟು ಬರಲೆಂದು ಮೊಟ್ಟೆಯ ಬಿಳಿಭಾಗ, ಹಾಲಿನ ಪುಡಿ ಸೇರಿಸಿದ್ದು ಇರುತ್ತದೆ. ರಾತ್ರಿ ಸಂತೆಯ ವಾಸನೆ ತೋಫು ನೆನೆಯುವ ನೀರಿನಲ್ಲಿ ಸಿಗಡಿ ಇರಬಹುದು. ಬೆಳಗ್ಗೆಯ ಸೋಯಾ ಹಾಲು ಮಾತ್ರ ಎಲ್ಲೆಡೆ ಸಿಗುತ್ತದೆ, ಬಿಸಿಬಿಸಿ, ದೊಡ್ಡ ಬಟ್ಟಲಲ್ಲಿ.

ಜಪಾನ್: ತಯಾರಿ ಇಲ್ಲದೆ ಹೋಗಬೇಡಿ

ಬೌದ್ಧ ದೇಶ, ತೋಫು ಹುಟ್ಟೂರಿನ ಪಕ್ಕದ ದೇಶ, ಊಟ ಸುಲಭ ಇರಬೇಕಲ್ವಾ ಅಂದುಕೊಂಡು ಹೋಗುವವರು ಜಾಸ್ತಿ. ಆದರೆ ನಾಲ್ಕರಲ್ಲಿ ಕಷ್ಟ ಇದೇ. ಕಾರಣ ಒಂದೇ ಪದಾರ್ಥ: ದಾಶಿ. ಒಣಗಿಸಿ ಹೊಗೆ ಹಾಕಿದ ಮೀನನ್ನು ತೆಳುವಾಗಿ ಹೆರೆದು, ಕೊಂಬು ಅನ್ನುವ ಕಡಲಪಾಚಿಯ ಜೊತೆ ಬಿಸಿನೀರಿಗೆ ಹಾಕಿ ಸೋಸಿದ ತಿಳಿ. ಮಿಸೊ ಸಾರಿನಲ್ಲಿ ಅದು, ಉದೊನ್ ಸಾರಿನಲ್ಲಿ ಅದು, ಸೊಬಾ ನೂಡಲ್ಸ್ ಅದ್ದಿಕೊಳ್ಳುವ ರಸದಲ್ಲಿ ಅದು, ಬೇಯಿಸಿದ ಕುಂಬಳಕಾಯಿಯಲ್ಲೂ ಅದೇ. ಅಡುಗೆಯವರಿಗೆ ಅದು ಮೀನು ಅನ್ನಿಸುವುದೇ ಇಲ್ಲ. "ಇದರಲ್ಲಿ ಮೀನಿದೆಯಾ?" ಅಂತ ಕೇಳಿದರೆ "ಇಲ್ಲ" ಅಂತ ಪ್ರಾಮಾಣಿಕವಾಗಿಯೇ ಹೇಳುತ್ತಾರೆ. "ದಾಶಿ ಇದೆಯಾ?" ಅಂತ ಕೇಳಿದರೆ "ಹೌದು, ಇದ್ದೇ ಇದೆ" ಅನ್ನುತ್ತಾರೆ. ಪ್ರಶ್ನೆ ಸರಿಯಾಗಿ ಕೇಳಬೇಕು, ಅಷ್ಟೇ.

ಪ್ಯಾಕೆಟ್ ಹಿಂದಿನ ಅಲರ್ಜಿ ಪಟ್ಟಿಯನ್ನೂ ಅರ್ಧವೇ ನಂಬಬಹುದು. ಮೊಟ್ಟೆ, ಹಾಲು ಇದ್ದರೆ ಬರೆಯಲೇಬೇಕು ಅಂತ ಕಾನೂನಿದೆ, ದಾಶಿಗೆ ಹಾಕುವ ಮೀನಿಗೆ ಹಾಗಿಲ್ಲ. ಪೂರ್ತಿ ಸಾಮಾನಿನ ಪಟ್ಟಿಯನ್ನು ಫೋನಿನ ಕ್ಯಾಮೆರಾದಲ್ಲಿ ಅನುವಾದ ಮಾಡಿ ಓದಿ. ಅಂಗಡಿಯ ಒನಿಗಿರಿ ಅನ್ನದುಂಡೆಯಲ್ಲಿ ಉಪ್ಪು ಹಾಕಿದ್ದು, ಉಮೆ ಹುಳಿಹಣ್ಣಿನದು, ಕೊಂಬು ಪಾಚಿಯದು ಎತ್ತಿಕೊಳ್ಳಬಹುದಾದ ಬಗೆಗಳು. ಆದರೆ ಅವಕ್ಕೂ ಕೆಲವು ಕಂಪನಿಯವರು ಮೀನಿನ ಸಾರ ಸೇರಿಸುತ್ತಾರೆ. ನಾಟೊ ಡಬ್ಬಿಯಲ್ಲಿ ಸೋಯಾಕಾಳು ಸರಿ, ಜೊತೆಗಿಟ್ಟ ಪುಟ್ಟ ಸಾಸ್ ಪೊಟ್ಟಣದಲ್ಲಿ ಮೀನಿನ ಸಾರ ಸಾಮಾನ್ಯ. ಪೊಟ್ಟಣ ಪಕ್ಕಕ್ಕಿಟ್ಟು ಸೋಯಾ ಸಾಸ್ ಹಾಕಿಕೊಳ್ಳಿ. ಮೃದುವಾದ ಬಿಳಿ ಬ್ರೆಡ್ಡಿನಲ್ಲಿ ಹಾಲೋ ಬೆಣ್ಣೆಯೋ ಇರುವುದೇ ಹೆಚ್ಚು.

ಹಾಗಾದರೆ ಜಪಾನ್ ಬಿಟ್ಟುಬಿಡೋದಾ? ಬೇಡ. ಅಲ್ಲಿನ ಮಠದ ಊಟ ಶೋಜಿನ್ ರ್ಯೋರಿ ಉಳಿದ ಮೂರು ದೇಶದಲ್ಲಿ ಸಿಗದಂಥದ್ದು. ಒಸಾಕಾದ ನಂಬಾದಿಂದ ರೈಲು, ಕೊನೆಗೆ ಕೇಬಲ್ ಕಾರ್ ಹಿಡಿದು ಸುಮಾರು ಎರಡು ಗಂಟೆ ಹೋದರೆ ಕೋಯಾಸಾನ್ ಬೆಟ್ಟ. ಕೂಕಾಯ್ ಎಂಬ ಗುರುಗಳು 816ರಲ್ಲಿ ನೆಲೆ ಮಾಡಿದ ಜಾಗ. ಅಲ್ಲಿನ ಸುಮಾರು ಐವತ್ತು ಮಠಗಳಲ್ಲಿ ಪ್ರವಾಸಿಗರಿಗೆ ತಂಗಲು ಕೋಣೆ ಇದೆ. ರಾತ್ರಿ ಮತ್ತು ಬೆಳಗಿನ ಊಟ ಸೇರಿಸಿಯೇ ದರ, ಒಬ್ಬರಿಗೆ ಹತ್ತು ಸಾವಿರ ಯೆನ್‌ಗಿಂತ ಮೇಲೆಯೇ. ಕೆಂಪು ಮಣೆಯ ಮೇಲೆ ಪುಟ್ಟ ಪುಟ್ಟ ಬಟ್ಟಲು: ಎಳ್ಳು ಅರೆದು ಗೆಡ್ಡೆಯ ಹಿಟ್ಟಿನಲ್ಲಿ ಕಾಯಿಸಿ ಹೆಪ್ಪುಗಟ್ಟಿಸಿದ ಗೋಮಾ ದೋಫು, ಚಳಿಗೆ ಒಣಗಿಸಿದ ಕೋಯಾ ದೋಫು, ತರಕಾರಿಯ ಟೆಂಪುರಾ, ಉಪ್ಪಿನಕಾಯಿ. ಈರುಳ್ಳಿ ಬೆಳ್ಳುಳ್ಳಿ ಇಲ್ಲ. ದಾಶಿಯನ್ನು ಕೊಂಬು, ಶಿಟಾಕೆ ಅಣಬೆಯಲ್ಲಿ ಮಾಡುತ್ತಾರೆ. ಆದರೂ ಬುಕ್ ಮಾಡುವಾಗಲೇ ವೀಗನ್ ಅಂತ ಬರೆದುಬಿಡಿ. ಊಟ ಸಂಜೆ ಐದೂವರೆ, ಆರಕ್ಕೆಲ್ಲ ಬರುತ್ತದೆ, ಮಧ್ಯಾಹ್ನ ಹೊಟ್ಟೆ ತುಂಬಿಸಿಕೊಳ್ಳಬೇಡಿ.

ಪಟ್ಟಣಗಳಲ್ಲಿ ಪೂರ್ತಿ ವೀಗನ್ ಹೋಟೆಲುಗಳೇ ಆಸರೆ. ಟೋಕಿಯೋ ಸ್ಟೇಷನ್ ಒಳಗಿನ ಟೀಸ್ ಟಾನ್‌ಟಾನ್ ರಾಮೆನ್ ಅಂಗಡಿ ಎಲ್ಲರಿಗೂ ಗೊತ್ತಿರುವಂಥದ್ದು. ಇಂಥ ಕಡೆಗಳನ್ನು ಹೊರಡುವ ಮೊದಲೇ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಸಸ್ಯಾಹಾರಿ, ವೀಗನ್ ಹೋಟೆಲ್ ಹುಡುಕಿಕೊಡುವ, 1999ರಲ್ಲಿ ಶುರುವಾದ ಹ್ಯಾಪಿಕೌ ವೆಬ್‌ಸೈಟ್ ಇದಕ್ಕೆ ಒಳ್ಳೆಯದು. ಥಾಯ್ಲೆಂಡ್‌ನಲ್ಲಿ ಹಸಿವಾದಾಗ ಹುಡುಕಿದರೂ ನಡೆಯುತ್ತದೆ, ಜಪಾನಿನಲ್ಲಿ ಹಸಿವಾಗುವ ಮೊದಲೇ ಹುಡುಕಿರಬೇಕು.

ಈ ನಾಲ್ಕರ ಆಚೆ

ಇಥಿಯೋಪಿಯಾ ಹೆಸರು ನಮ್ಮ ಪ್ರವಾಸದ ಪಟ್ಟಿಯಲ್ಲಿ ಬರುವುದೇ ಇಲ್ಲ, ಬರಬೇಕು. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ, ಈಸ್ಟರ್‌ಗೆ ಮೊದಲಿನ 55 ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟುವುದಿಲ್ಲ. ಆ ದಿನ "ಬೆಯಾಯ್ನೆತು" ಕೇಳಿದರೆ ಹುಳಿ ಬರಿಸಿದ ಟೆಫ್ ಹಿಟ್ಟಿನ, ದೋಸೆಯಂಥ ದೊಡ್ಡ ಇಂಜೆರಾ ಮೇಲೆ ಬೇಳೆ, ಸೊಪ್ಪು, ಕೋಸು, ಕಡಲೆಹಿಟ್ಟಿನ ಗೊಜ್ಜು ಹರಡಿ ತರುತ್ತಾರೆ. ಕೈಯಲ್ಲೇ ಊಟ. ಬೇರೆ ದಿನ ಮಾತ್ರ ಜಾಗ್ರತೆ, ಬೇಳೆಗೂ ಮಸಾಲೆ ಬೆಣ್ಣೆ ಬೀಳಬಹುದು. ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ ಇರುವ ಕನ್ನಡದವರಿಗೆ ಇದು ಮನೆಬಾಗಿಲಲ್ಲೇ ಸಿಗುತ್ತದೆ, ಅಲ್ಲಿ ಇಥಿಯೋಪಿಯಾದವರು ತುಂಬಾ ಜನ ನೆಲೆಸಿದ್ದಾರೆ. ಜಾರ್ಜಿಯಾ ದೇಶದಲ್ಲೂ ಚರ್ಚಿನ ಉಪವಾಸದ ಅಡುಗೆ ಇದೆ, ಅಕ್ರೋಟು ಅರೆದು ಸೊಪ್ಪು ಬದನೆಕಾಯಿಗೆ ಬೆರೆಸಿದ್ದು, ರಾಜ್ಮಾ ಥರದ ಲೋಬಿಯೊ.

ಶ್ರೀಲಂಕಾ ಹತ್ತಿರ, ತೆಂಗಿನಕಾಯಿ ಧಾರಾಳ. ಆದರೆ ತೆಂಗಿನ ಸಂಬಲ್‌ನಲ್ಲಿ ಒಣ ಮೀನಿನ ಪುಡಿ ಇರುತ್ತದೆ. ತಮಿಳರ ಶೈವ ಹೋಟೆಲ್ ನೋಡಿಕೊಂಡರೆ ಆ ಚಿಂತೆ ಇಲ್ಲ, ಅಲ್ಲಿ ಕೇಳಬೇಕಾದದ್ದು ತುಪ್ಪ ಮೊಸರಿನ ಬಗ್ಗೆ.

ಯುರೋಪಿನಲ್ಲಿ ವ್ರತದ ಆಸರೆಗಿಂತ ಲೇಬಲ್ಲಿನ ಆಸರೆ ದೊಡ್ಡದು. ಯುರೋಪಿಯನ್ ಯೂನಿಯನ್ ದೇಶಗಳಲ್ಲಿ ಹಾಲು, ಮೊಟ್ಟೆ, ಮೀನು ಸೇರಿ 14 ಅಲರ್ಜಿ ಪದಾರ್ಥಗಳನ್ನು ಪ್ಯಾಕೆಟ್ ಮೇಲೆ ಎದ್ದು ಕಾಣುವಂತೆ ಮುದ್ರಿಸಬೇಕು, ಹೋಟೆಲಿನವರೂ ಮಾಹಿತಿ ಕೊಡಬೇಕು. ಜರ್ಮನಿಯ ಸೂಪರ್ ಮಾರ್ಕೆಟ್ಟಿನಲ್ಲಿ ವೀಗನ್ ಅಂತ ಬರೆದೇ ಇರುತ್ತದೆ. ಇಟಲಿಯಲ್ಲಿ ಪಿಜ್ಜಾ ಮರಿನಾರಾ ಕೇಳಿ: ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ, ಅಷ್ಟೇ. ಚೀಸ್ ತೆಗೆಯಿರಿ ಅಂತ ಬೇಡಿಕೊಳ್ಳುವ ಕೆಲಸವಿಲ್ಲ. ಒಣ ಪಾಸ್ತಾ ರವೆ, ನೀರಿನದು. ಕೈಯಲ್ಲಿ ಮಾಡಿದ ಹಸಿ ಪಾಸ್ತಾದಲ್ಲಿ ಮೊಟ್ಟೆ ಇರುವ ಸಾಧ್ಯತೆ ಹೆಚ್ಚು. ಪೆಸ್ಟೊ ಹಸಿರಾಗಿದೆ ಅಂತ ಮೋಸ ಹೋಗಬೇಡಿ, ಅದರಲ್ಲಿ ಚೀಸ್ ಅರೆದಿರುತ್ತಾರೆ. ದುಬಾರಿ ದೇಶಗಳಲ್ಲಿ ಅಡುಗೆಮನೆ ಇರುವ ಕೋಣೆ ಹಿಡಿದರೆ ಅರ್ಧ ಸಮಸ್ಯೆ ಬಗೆಹರಿಯಿತು.

ಇಂಡಿಯನ್ ಹೋಟೆಲಿಗೆ ಹೋದರೆ ಆಗಲ್ವಾ?

ಟೂರ್ ಕಂಪನಿಯವರು ಕೊಡುವ ಉತ್ತರ ಇದೇ: "ಮೇಡಂ, ದಿನಾ ಇಂಡಿಯನ್ ಡಿನ್ನರ್, ಪ್ಯೂರ್ ವೆಜ್." ಸಸ್ಯಾಹಾರಿಗೆ ಸರಿ. ವೀಗನ್ ಆದವರಿಗೆ ಅಲ್ಲಿನ ಜೇ ಅಂಗಡಿಗಿಂತ ಇದೇ ಕಷ್ಟ. ನಾನ್ ಹಿಟ್ಟಿಗೆ ಮೊಸರು, ದಾಲ್‌ಗೆ ಬೆಣ್ಣೆ, ಪಲಾವ್‌ಗೆ ತುಪ್ಪ, ಉಳಿದದ್ದಕ್ಕೆಲ್ಲ ಪನೀರ್. "ಹಾಲಿನ ಪದಾರ್ಥ ಬೇಡ" ಅಂದರೆ "ಸರಿ, ಆದ್ರೆ ತುಪ್ಪ ಪರವಾಗಿಲ್ಲ ಅಲ್ವಾ?" ಅಂತ ನಗುತ್ತಾ ಕೇಳುತ್ತಾರೆ. ದಕ್ಷಿಣ ಭಾರತದ ಹೋಟೆಲ್ ಸಿಕ್ಕರೆ ವಾಸಿ. ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ಸಾಂಬಾರು, ತುಪ್ಪ ಹಾಕದ ದೋಸೆಗೆ ತೊಂದರೆಯಿಲ್ಲ. ತಂಡದಲ್ಲಿ ನೀವೊಬ್ಬರೇ ವೀಗನ್ ಆಗಿದ್ದರೆ ಟೂರಿನವರಿಂದ ಊಟ ಬಿಟ್ಟ ದರ ಕೇಳಿ ನೋಡಿ, ಆ ದುಡ್ಡಿನಲ್ಲಿ ಬೀದಿಯಲ್ಲಿ ಇನ್ನೂ ಚೆನ್ನಾಗಿ ಉಣ್ಣಬಹುದು.

ವಿಮಾನ ಮತ್ತು ಸೂಟ್‌ಕೇಸು

ವಿಮಾನದ ಊಟದಲ್ಲಿ ನಮ್ಮವರು ಎಡವುವುದು ಕೋಡಿನಲ್ಲಿ. "ಎವಿಎಂಎಲ್" ಅಂದರೆ ಏಷ್ಯನ್ ಸಸ್ಯಾಹಾರ, ಪನೀರು ಮೊಸರು ಸಮೇತ ಬರುತ್ತದೆ. "ವಿಜೆಎಂಎಲ್" ಜೈನರದ್ದು. ನಿಮಗೆ ಬೇಕಾದ್ದು "ವಿಜಿಎಂಎಲ್". ಸಾಮಾನ್ಯವಾಗಿ ಹೊರಡುವ 24 ಗಂಟೆ ಮೊದಲೇ ಹೇಳಬೇಕು. ವಿಮಾನ ಬದಲಿಸುವುದಿದ್ದರೆ ಎರಡೂ ವಿಮಾನಕ್ಕೆ ದಾಖಲಾಗಿದೆಯಾ ಅಂತ ಬುಕಿಂಗಿನಲ್ಲಿ ನೋಡಿಕೊಳ್ಳಿ. ಕಡಿಮೆ ದರದ ವಿಮಾನದಲ್ಲಿ ಊಟ ಬೇರೆಯಾಗಿ ಕೊಳ್ಳಬೇಕು, ಆಯ್ಕೆಯೂ ಕಮ್ಮಿ. ಮನೆಯಿಂದ ಚಪಾತಿ ಸುತ್ತಿಕೊಂಡು ಹತ್ತಿದರೆ ಯಾರೂ ಬೇಡ ಅನ್ನುವುದಿಲ್ಲ, ಇಳಿಯುವ ಮೊದಲು ತಿಂದು ಮುಗಿಸಿ.

ಸೂಟ್‌ಕೇಸಿಗೆ ನಾನು ಹಾಕುವುದು ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕಡಕ್ ರೊಟ್ಟಿ, ಒಗ್ಗರಣೆ ಅವಲಕ್ಕಿ. ಇವು ಕೆಡುವುದಿಲ್ಲ, ಬಿಸಿನೀರೋ ಬಿಳಿ ಅನ್ನವೋ ಸಿಕ್ಕರೆ ಊಟವಾಗುತ್ತದೆ. ಪೂರ್ವ ಏಷ್ಯಾದಲ್ಲಿ ಬಿಳಿ ಅನ್ನಕ್ಕಂತೂ ಬರವಿಲ್ಲ. ಅಂಗಡಿಯ ರೆಡಿ ಟು ಈಟ್ ಪೊಟ್ಟಣ ಕೊಳ್ಳುವಾಗ ಹಸಿರು ಚುಕ್ಕೆ ನೋಡಿ ಬುಟ್ಟಿಗೆ ಹಾಕಬೇಡಿ, ತುಪ್ಪ, ಹಾಲಿನ ಪುಡಿ ಇದೆಯಾ ಅಂತ ಓದಿ. 2022ರ ನಿಯಮದ ಪ್ರಕಾರ ಭಾರತದಲ್ಲಿ ವೀಗನ್ ಪದಾರ್ಥಕ್ಕೆ ಹಸಿರು ವಿ ಅಕ್ಷರದ ಬೇರೆಯೇ ಗುರುತಿದೆ, ಅದಿದ್ದರೆ ಓದುವ ಕೆಲಸವೂ ಉಳಿಯಿತು.

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗುವವರು ಮಾತ್ರ ಅಮ್ಮ ಕಟ್ಟಿಕೊಟ್ಟ ಪೊಟ್ಟಣಗಳ ಪಟ್ಟಿ ಇಟ್ಟುಕೊಳ್ಳಿ. ಅಲ್ಲಿ ಬೀಜ, ಕಾಳು, ಹಣ್ಣು, ಮನೆಯಲ್ಲಿ ಮಾಡಿದ ಪುಡಿ ಎಲ್ಲವನ್ನೂ ಇಳಿಯುವಾಗಿನ ಫಾರಂನಲ್ಲಿ ತಿಳಿಸಲೇಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ದೊಡ್ಡದು. ಆಹಾರ ಇದೆಯಾ ಎಂಬಲ್ಲಿ "ಹೌದು" ಎಂದು ಗುರುತು ಹಾಕಿ, ಡಬ್ಬಿಗಳನ್ನು ಬ್ಯಾಗಿನ ಮೇಲ್ಗಡೆಯೇ ಇಟ್ಟು ತೋರಿಸಿ. ಬೇಡ ಅಂದದ್ದನ್ನು ಅಲ್ಲೇ ಬಿಟ್ಟು ಉಳಿದದ್ದು ಎತ್ತಿಕೊಂಡು ಹೊರಡಿ.